ಬೆಳ್ಳಿಕಾಗದದೊಳಗಿನ ಹೆಸರು

ಹೊಗೆಸೊಪ್ಪಿನ ಅಂಟು ಹತ್ತಿ ಕಪ್ಪಾದ ಬೆರಳುಗಳು ಅವಳವು. ಹುಣಸೆಹಣ್ಣು, ಬೂದಿ, ಸೀಗೆಪುಡಿ, ಯಾವುದರಲ್ಲಿ ತಿಕ್ಕಿದರೂ ಬಣ್ಣ ಹೋಗುತ್ತಿರಲಿಲ್ಲ. ಅನ್ನ ಕಲಸಿದರೆ ತುತ್ತೂ ಕಹಿ. "ಅಭ್ಯಾಸ ಆಗೋಗದೆ ಬುಡವ್ವ, ಕಹಿ ಇಲ್ದಿದ್ರೆ ನಂಗೇ ಅನ್ಮಾನ ಬತ್ತದೆ" ಎಂದು ನಗುತ್ತಿದ್ದಳು. ಪಿರಿಯಾಪಟ್ಟಣದ ಕಡೆಯ ಆ ಹಳ್ಳಿಯಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಸಂಬಂಧ ಏನೂ ಇಲ್ಲ. ಆದರೂ ನಾನು ಮದುವೆಯಾಗಿ ಬಂದಾಗಿನಿಂದ ಅವಳು ನನಗೆ ಚಿಕ್ಕವ್ವ.

ಗಂಡ ತೀರಿಕೊಂಡಿದ್ದ. ಕಂಡವರ ಹೊಗೆಸೊಪ್ಪು ಬಿಡಿಸಿ, ಒಣಗಿಸಲು ಕಡ್ಡಿಗೆ ಕಟ್ಟಿ, ಒಬ್ಬಳೇ ಮಗಳನ್ನು ನರ್ಸ್ ಓದಿಸಿದ್ದಳು. ಮಗಳಿಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ನಮ್ಮ ಕಡೆಗೆ ಎಟಿಎಂ, ಮೊಬೈಲು ಎರಡೂ ಹೊಸದಾಗಿ ಬಂದಿದ್ದ ಕಾಲ ಅದು. ಸಂಬಳದ ಕಾರ್ಡನ್ನು ಆ ಹುಡುಗಿ ತಂದು ತಾಯಿಯ ಕೈಗಿಟ್ಟು, "ಅವ್ವಾ, ಇದ್ರ ಬೆನ್ಮೇಲಿರೋ ಕಪ್ಪುಪಟ್ಟೀಲಿ ಎಲ್ಲ ಬರ್ದಿರ್ತದೆ. ಮೊಬೈಲ್ ಹತ್ರ ಇಡಬ್ಯಾಡ, ಅಳ್ಸೋಯ್ತದೆ" ಅಂದಳು.

ಓದು ಬಾರದ ಚಿಕ್ಕವ್ವನಿಗೆ ಪಟ್ಟಿಯ ವಿಷಯ ತಲೆಗೆ ಹತ್ತಲಿಲ್ಲ. ಮುಂದೆ ಮಗಳ ಹೆಸರು ಉಬ್ಬಿಕೊಂಡಿತ್ತಲ್ಲ, ಅಳಿಸಿಹೋಗುವುದು ಅದೇ ಎಂದುಕೊಂಡಳು. ಟೀ ಅಂಗಡಿಯಿಂದ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಕೇಳಿ ತಂದು ಸುತ್ತಿದಳು. ಅದರ ಮೇಲೊಂದು ಬಟ್ಟೆ, ಆಮೇಲೆ ಎಲೆಅಡಿಕೆ ಚೀಲ, ಚೀಲ ಸೊಂಟಕ್ಕೆ. "ಗಾಳೀಲಿ ಬರೋ ಸನಿಗೆ ಬೀಗ ಹಾಕಕ್ಕಾಯ್ತದಾ? ಇಂಗೇ ಸುತ್ಬೇಕು ಕಣವ್ವ" ಎನ್ನುವಳು.

ಒಮ್ಮೆ ಹುಣಸೂರಿನಿಂದ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಅವಳ ಪಕ್ಕ ಕೂತ ಹುಡುಗನ ಜೇಬಿನಲ್ಲಿ ಫೋನು ಹಾಡತೊಡಗಿತು. ಚಿಕ್ಕವ್ವ ಚೀಲ ಹಿಡಿದು ದಡಕ್ಕನೆ ಎದ್ದಳು. "ಏಯ್, ಅತ್ಲಾಗೋಗಪ್ಪೋ! ನನ್ ಮಗ್ಳು ಅಳ್ಸೋಯ್ತಾಳೆ!"

"ಯಾರ್ ಮಗ್ಳನ್ನ ಅಳ್ಸಿದ್ಯೋ ರಾಜಾ?" ಎಂದು ಕಂಡಕ್ಟರ್ ಹುಡುಗನನ್ನು ಕೇಳಿದ. ಬಸ್ಸೆಲ್ಲ ಗೊಳ್ಳೆಂದಿತು. ಅವಳೂ ನಕ್ಕಳು. ಆದರೆ ಸೀಟಿಗೆ ಮಾತ್ರ ಮರಳಲಿಲ್ಲ. ಕಾಲುನೋವಿನ ಹೆಂಗಸು, ಊರು ಬರುವವರೆಗೂ ನಿಂತೇ ಬಂದಳು. ನನಗೆ ಸಿಟ್ಟು ಬಂದಿತ್ತು.

ನಮ್ಮ ಮನೆಗೂ ಮೊಬೈಲು ಬಂದ ಮೇಲೆ ನಾನು ಅದನ್ನು ಜಗಲಿಯ ಮೇಲಿಟ್ಟೇ ಅವಳ ಹೊಸಿಲು ದಾಟಬೇಕಿತ್ತು. ಮಗಳು ನನ್ನ ಫೋನಿಗೇ ಮಾಡುತ್ತಿದ್ದಳು. ಕೂಗಿದರೆ ಚಿಕ್ಕವ್ವ ಸೊಂಟದ ಚೀಲ ಬಿಚ್ಚಿ, ಒಳಗಿನ ಗೂಟಕ್ಕೆ ಹಾಕಿ, ಆಮೇಲೆ ಓಡಿ ಬರುತ್ತಿದ್ದಳು.

ಆ ವರ್ಷ ಸೊಪ್ಪು ಕಟ್ಟುವ ಕಾಲದಲ್ಲಿ ಮಗಳಿಗೆ ಜ್ವರ ಬಂತು. ಬರೀ ಜ್ವರ ಅಂದುಕೊಂಡಿದ್ದೆವು. ಒಂದು ಬೆಳಗ್ಗೆ ಮಗಳ ನಂಬರಿನಿಂದ ಕರೆ ಬಂತು, ದನಿ ಮಾತ್ರ ಅವಳ ಗೆಳತಿಯದು. ನಾನು ಫೋನು ಹಿಡಿದುಕೊಂಡೇ ಆಚೆ ಮನೆಯ ಬಾಗಿಲಿಗೆ ಓಡಿದೆ. ನನ್ನ ಕೈ ನೋಡಿ ಚಿಕ್ಕವ್ವನ ಮುಖ ಅರಳಿತು.

"ಮಗ್ಳಾ? ತಡಿ ತಡಿ, ಚೀಲ ಬಿಚ್ಚಿಟ್ಟು ಬತ್ತೀನಿ."

ಬಿಚ್ಚಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಕಿವಿ ಕೊಡಲು ಬಂದು ನಿಂತಳು. ಅಯ್ಯೋ, ಆ ಮುಖಕ್ಕೆ ಆ ಮಾತನ್ನು ಹೇಗೆ ಹೇಳಿದೆನೋ, ಇವತ್ತಿಗೂ ನೆನಪಿಲ್ಲ.

ಖಾತೆ ಮುಚ್ಚಿಸಲು ಬ್ಯಾಂಕಿಗೆ ಅವಳ ಜೊತೆ ನಾನೇ ಹೋದೆ. "ಇನ್ನು ಇದರಲ್ಲಿ ಏನೂ ಇಲ್ಲಮ್ಮ, ಕತ್ತರಿಸಬೇಕು" ಎಂದು ಮ್ಯಾನೇಜರು ಕತ್ತರಿ ತೆಗೆದರು. ಚಿಕ್ಕವ್ವ ಕಾರ್ಡಿನ ಮೇಲೆ ಅಂಗೈ ಮುಚ್ಚಿದಳು.

"ಪಟ್ಟಿ ಬೇಕಾರೆ ಕತ್ರುಸ್ಕಳಿ ಸ್ವಾಮಿ. ಹೆಸ್ರು ಬುಟ್ಬುಡಿ."

ಅವರು ಕಾರ್ಡನ್ನು ಈಸಿಕೊಂಡು ತಿರುಗಿಸಿದರು. ಆಮೇಲೆ ಕಪ್ಪುಪಟ್ಟಿಯನ್ನಷ್ಟೇ ಕತ್ತರಿಸಿಕೊಂಡು ಉಳಿದ ತುಂಡನ್ನು ವಾಪಸ್ ಕೊಟ್ಟರು. ಪುಣ್ಯಾತ್ಮರು.

ಅವಳು ಅದನ್ನು ಮತ್ತೆ ಬೆಳ್ಳಿಕಾಗದದಲ್ಲಿ ಸುತ್ತಿದಳು. ಸಂಜೆ ಹೊತ್ತು ಬಿಚ್ಚಿ, ಕಪ್ಪು ಬೆರಳಿನಿಂದ ಒಂದೊಂದೇ ಅಕ್ಷರ ಸವರುತ್ತ ಕೂರುವಳು. "ಪಟ್ಟಿಯೇ ಹೋಯ್ತಲ್ಲ ಚಿಕ್ಕವ್ವ, ಇನ್ನು ಫೋನೇನು ಮಾಡ್ತದೆ?" ಅಂದೆ ಒಮ್ಮೆ.

"ನಿನ್ ಫೋನು ಕಾರ್ಡ ಅಳ್ಸ್ತದೆ ಅಂದ್ಕಂಡಿದ್ದೆ ಕಣವ್ವ" ಅಂದಳು. "ನನ್ನ ಅಳುಸ್ತು."

ಈಗ ನನ್ನ ಪರ್ಸಿನಲ್ಲೂ ಒಂದು ಕಾರ್ಡಿದೆ, ಮೆಷಿನ್ನಿನ ಹತ್ತಿರ ಹಿಡಿದರೆ ಸಾಕು, ದುಡ್ಡು ಹೋಗುತ್ತದೆ. ಪಕ್ಕದಲ್ಲಿ ಸುಳಿದವರು ಗಾಳಿಯಲ್ಲೇ ಅದನ್ನು ಓದಿಕೊಳ್ಳಬಹುದಂತೆ. ಅದಕ್ಕೊಂದು ಕವರು ಬರುತ್ತದೆ ಎಂದು ಮಗ ತಂದುಕೊಟ್ಟ. ಬಿಡಿಸಿ ನೋಡಿದರೆ ಒಳಗೆ ಅದೇ ಬೆಳ್ಳಿಕಾಗದ. ಕೂತು ಅತ್ತುಬಿಟ್ಟೆ. ಮಗನಿಗೆ ಏನೆಂದು ಹೇಳಲಿ?

ಇದಕ್ಕೆ ಎಷ್ಟೋ ಮೊದಲೇ ಚಿಕ್ಕವ್ವ ಹೋಗಿದ್ದಳು, ಒಂದು ಮುಂಜಾನೆ, ನಿದ್ದೆಯಲ್ಲೇ. ಸುದ್ದಿ ಕೇಳಿ ಎದ್ದು ಓಡಿದವಳು ಬಾಗಿಲಲ್ಲಿ ನಿಂತೆ. ಒಳಗೆ ಅವಳ ಬೆರಳುಗಳು ಬೆಳ್ಳಿಕಾಗದವನ್ನು ಹಿಡಿದೇ ಇದ್ದವು. ಕೈಯಲ್ಲಿದ್ದ ಫೋನನ್ನು ಜಗಲಿಯ ಮೇಲಿಟ್ಟು ಒಳಗೆ ಹೋದೆ.