ಮಿಂಚುಳ್ಳಿ ಉಳಿಸಿದ ಮೀನುಗಳು

ಜಮೀಲಾ ಮೇಡಂ ನಿವೃತ್ತರಾದ ದಿನ, ಅವರ ಗೌರವಾರ್ಥವೆಂದೇ, ಭದ್ರಾವತಿಯ ನಮ್ಮ ಕಾಲೇಜಿನ ಆಡಳಿತ ಮಂಡಳಿ ಅವರ ಕೊಳವನ್ನು ಕೊಂದಿತು. ಇದನ್ನು ಆವೇಶದಲ್ಲಿ ಬರೆಯುತ್ತಿಲ್ಲ. ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಶಿವಮೊಗ್ಗದ ವಿದ್ಯಾನಗರದಿಂದ ನಿತ್ಯ ಬಸ್ಸಿನಲ್ಲಿ ಬರುತ್ತಿದ್ದ ಅವರು, ಪ್ರಾಣಿಶಾಸ್ತ್ರದ ತರಗತಿಗೆ ಹೋಗುವ ಮೊದಲು ಕಟ್ಟಡದ ಹಿಂದಿನ ಕೊಳದ ಕಟ್ಟೆಯನ್ನು ಛತ್ರಿಯ ತುದಿಯಿಂದ ತಟ್ಟುತ್ತಿದ್ದರು. ಹಾಜರಿ ಮೊದಲು ಮೀನುಗಳದ್ದು, ಆಮೇಲೆ ಮಕ್ಕಳದ್ದು ಎಂದು ನಾವು ಅಧ್ಯಾಪಕರು ನಗುತ್ತಿದ್ದೆವು.

ಸೇವೆಗೆ ಸೇರಿದ ವರ್ಷ ಅವರು ನಾಲೆಯಿಂದ ತಂದು ಬಿಟ್ಟ ಬೆರಳುದ್ದದ ಮೀನುಗಳಲ್ಲಿ ಹೆಚ್ಚಿನವು ಬಿಳಿಚಿದ್ದವು, ಕೆಲವು ಮಾತ್ರ ಕಪ್ಪಗಿದ್ದವು. ಕೊಳದ ತಳ ಕರಿಯ ಕೆಸರು. ಮೇಲಿನ ಕೊಂಬೆಯಲ್ಲಿ ಒಂದು ಮಿಂಚುಳ್ಳಿ. ವರ್ಷ ಕಳೆದಂತೆ ಬಿಳಿಚಿದವು ಅಪರೂಪವಾದವು. ಪ್ರತಿ ಹೊಸ ತರಗತಿಗೂ ಬಿಳಿ ಪಿಂಗಾಣಿ ತಟ್ಟೆಯಲ್ಲಿ ನಾಲೆಯ ಮೀನನ್ನೂ ಕೊಳದ ಮೀನನ್ನೂ ಜೊತೆಗಿಟ್ಟು ತೋರಿಸುತ್ತಿದ್ದರು. “ಕೆಸರಿಗೆ ಹೊಂದ್ಕೊಂಡು ಕಪ್ಪಾಗಿದಾವೆ ಮೇಡಂ” ಎಂದ ವಿದ್ಯಾರ್ಥಿಗೆ ಉತ್ತರ ಸಿದ್ಧವಿರುತ್ತಿತ್ತು: “ಬಣ್ಣ ಹಚ್ಕೊಂಡ್ವೇನೋ ಮಾರಾಯ? ಬೆಳ್ಳಗಿದ್ದೋವನ್ನ ಹಕ್ಕಿ ತಿಂತು. ಕಪ್ಪಗಿದ್ದೋವು ಸಂಸಾರ ಮಾಡಿದ್ವು. ಅಷ್ಟೇ ಕಥೆ.”

ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, ಊಟ ಎಲ್ಲವೂ ಮುಗಿದ ಮೇಲೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಎಲ್ಲರನ್ನೂ ಕೊಳದ ಬಳಿಗೆ ಕರೆದೊಯ್ದರು. “ನಿಮ್ ಕೊಳ ಮಂಕಾಗಿತ್ತು ಮೇಡಂ. ಸ್ವಲ್ಪ ಕಲರ್ ಬರ್ಲಿ” ಎನ್ನುತ್ತ, ಅಕ್ವೇರಿಯಂ ಅಂಗಡಿಯಿಂದ ತರಿಸಿದ ಅಂಗೈಯಗಲದ ಕಿತ್ತಳೆ ಮೀನುಗಳನ್ನು ಸುರಿದರು. ಚಪ್ಪಾಳೆ ಬಿತ್ತು.

“ಇವು ಸಣ್ಣ ಮೀನು ತಿಂತಾವೆ ಸಾರ್. ಈಗ್ಲೇ ತೆಗೆಸಿ” ಎಂದರು ಮೇಡಂ, ಮೆಲ್ಲಗೆ.

“ಹೊಂದ್ಕೊಳ್ತಾವೆ ಬಿಡಿ. ನೀವೇ ಪಾಠ ಮಾಡಿದ್ದಲ್ವಾ?”

ಎಲ್ಲರೂ ನಕ್ಕರು. ಫೋಟೋ ತೆಗೆಯಲಾಯಿತು.

ಮರುದಿನ ಮೇಡಂ ಬಲೆ ಹಿಡಿದು ಬಂದರು. “ರಿಟೈರಾದೋರನ್ನ ಪರ್ಮಿಶನ್ ಇಲ್ದೆ ಬಿಡಂಗಿಲ್ವಂತೆ ಅಮ್ಮಾ” ಎಂದ ಕಾವಲುಗಾರ, ತಲೆ ತಗ್ಗಿಸಿ. ಅನುಮತಿ ಕೇಳಿದಾಗಲೆಲ್ಲ ಕಾರ್ಯದರ್ಶಿಗಳು ಸಭೆಯಲ್ಲಿದ್ದರು. ಕೊನೆಗೆ ಅನುಮತಿ ಸಿಕ್ಕಿದಾಗ ಬಲೆಗೆ ಬಿದ್ದದ್ದು ಕೊಬ್ಬಿದ ಕಿತ್ತಳೆ ಮೀನುಗಳು ಮಾತ್ರ. ಬಿಳಿ ತಟ್ಟೆಯನ್ನು ಅವರು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡರು.

ಕಡೆಯ ಬಾರಿ ನಾನು ಅವರ ಮನೆಗೆ ಹೋದಾಗ ಹಾಸಿಗೆ ಹಿಡಿದಿದ್ದರು. “ಮಿಂಚುಳ್ಳಿ ಮೇಲೆ ನಂಗೆ ಯಾವತ್ತೂ ಸಿಟ್ಟು ಬಂದಿಲ್ಲ ಮೇಷ್ಟ್ರೇ. ಹಸಿವಾದಾಗ ಒಂದೊಂದೇ ತಗೋತಿತ್ತು. ಉಳಿದೋವಕ್ಕೆ ಟೈಮ್ ಕೊಡ್ತಿತ್ತು” ಎಂದರು.

ಕಾಲೇಜಿನಲ್ಲಿ ನಡೆದ ಅವರ ಸಂತಾಪ ಸಭೆಯಲ್ಲಿ ಕೊಳದ ಬಳಿಯ ಅದೇ ಫೋಟೋವನ್ನು ದೊಡ್ಡದು ಮಾಡಿಸಿ, ಹಾರ ಹಾಕಿ ಇಟ್ಟಿದ್ದರು. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ, ಅವರೊಬ್ಬರು ನೀರು ನೋಡುತ್ತಿದ್ದಾರೆ. ಕಾರ್ಯದರ್ಶಿಗಳೇ, ಹಸಿದ ಹಕ್ಕಿಗೆ ಇದ್ದ ವ್ಯವಧಾನ, ಊಟ ಮುಗಿಸಿ ಬಂದಿದ್ದ ನಿಮಗೇಕೆ ಇರಲಿಲ್ಲ?