ಉರಿ ಹೋದ ಕೈ

ಮೊನ್ನೆ ರಾಣೇಬೆನ್ನೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನ ಬಾನೆಟ್ ಎತ್ತಿ, ಉದ್ದನೆಯ ರಾಡಿನ ತುದಿಗೆ ಕಪ್ಪು ಟೇಪು ಸುತ್ತುತ್ತಿದ್ದ. ಪ್ಲಗ್ ಬಿಚ್ಚುವ ಪಾನಾ ರಾಡಿನಿಂದ ಕಳಚಿಕೊಂಡು ಎಂಜಿನ್ನಿನ ಕುಳಿಯೊಳಗೇ ಉಳಿದುಬಿಟ್ಟಿತ್ತು. "ಚಿಂತಿ ಮಾಡಬ್ಯಾಡ್ರಿ ಮೇಡಮ್, ಟೇಪ್ ಸುತ್ತಿ ಒತ್ತಿದರ ಕಚ್ಕೊಂಡು ಬರ್ತೈತಿ" ಅಂದ. ಬರುತ್ತದೆಂದು ನನಗೂ ಗೊತ್ತಿತ್ತು. ಆದರೆ ಸುಟ್ಟ ಚರ್ಮದ ವಾಸನೆ ಮೂಗಿಗೆ ಬಡಿದಂತಾಗಿ ಹೊರಗೆ ಬಂದು ನಿಂತೆ. ಅಲ್ಲಿ ಏನೂ ಸುಟ್ಟಿರಲಿಲ್ಲ…

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯವರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ಕಾಕಾನದು ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಚೀಲದೊಳಗೆ ಮೊಣಕೈತನಕ ಕೈ ಹಾಕಿ, ಹಿಡಿ ಕಾಯಿ ಹಿಚುಕಿ, ಹಸಿಯೋ ಒಣಗಿದೆಯೋ ಹೇಳುವುದು ಅವರ ಬದುಕು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಬ್ಯಾಡಗಿಯಲ್ಲಿ ಕೈ ಉರಿದರೆ ಬಾಯಿ ಮೊಸರು ಎಂದು ನಾನು ಛೇಡಿಸುತ್ತಿದ್ದೆ. ಸಂಜೆಯಾದರೆ ಕಾಕು ಅವರ ಎರಡೂ ಕೈಗೆ ಬೆಣ್ಣೆ ಸವರುತ್ತ ಕೂರುತ್ತಿದ್ದರು. ಈ ಉರಿಯೊಂದು ಹೋಗಲಿ ಎಂದು ಕದರಮಂಡಲಗಿ ಹನುಮಪ್ಪನಿಗೆ ಹರಕೆಯನ್ನೂ ಹೊತ್ತಿದ್ದರು.

ಒಂದು ಬೇಸಿಗೆಯಲ್ಲಿ ಉರಿ ಹೋಯಿತು. ಹರಕೆ ಫಲಿಸಿತೆಂದು ಕಾಕು ಓಣಿಗೆಲ್ಲ ಸಕ್ಕರೆ ಹಂಚಿದರು. "ಕೈ ಪಳಗೇತವ್ವಾ. ಈಗ ಖಾರಕ್ಕ ನನ್ನ ಹೆದರಿಕಿ" ಎಂದು ಕಾಕಾ ನಗುತ್ತಿದ್ದರು. ಆಗಾಗ ಲೋಟ ಕೈಜಾರುತ್ತಿತ್ತು, ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತಿತ್ತು. ವಯಸ್ಸಾಯಿತು ಎಂದುಕೊಂಡರು. ನಾವೂ ಹಾಗೇ ಅಂದುಕೊಂಡೆವು.

ಹರಕೆ ತೀರಿಸಲು ಒಂದು ಶನಿವಾರ ಅವರ ಹಳೆಯ ಕಾರಿನಲ್ಲಿ ಮೂವರೂ ಹೊರಟೆವು. ಕಾಯಿ ಒಡೆಸಿ ತಿರುಗಿ ಬರುವಾಗ ಕಾರು ದಾರಿಯುದ್ದಕ್ಕೂ ಕೆಮ್ಮುತ್ತ ಹೇಗೋ ಮನೆ ಮುಟ್ಟಿತು. ಮರುದಿನ ಕಾಕುವಿನ ತವರು ಐರಣಿಗೆ ಹೋಗುವುದಿತ್ತು. ಕಾರನ್ನು ಗ್ಯಾರೇಜಿಗೆ ಬಿಡುವುದೆಂದರೆ ಕಾಕಾನಿಗೆ ಮನೆಯ ಸೊಸೆಯನ್ನು ಕೋರ್ಟು ಕಚೇರಿಗೆ ಕಳಿಸಿದಂತೆ. ಕಾರಿನಿಂದ ಇಳಿದವರೇ ಖಾಲಿ ಮೆಣಸಿನಕಾಯಿ ಚೀಲ ಹಾಸಿ ಪಾನಾಗಳನ್ನು ಹರವಿಯೇಬಿಟ್ಟರು. ಕಾದ ಎಂಜಿನ್ನಿಗೆ ಕೈ ಹಚ್ಚಬಾರದೆಂದು ನನಗೆ ಕಲಿಸಿದವರೇ ಅವರು. ಅದಕ್ಕೇ ಆರಲಿ ತಡೀರಿ ಅಂದೆ. ಅವರು ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿ, "ಆರೇತಿ ಬಾರವ್ವಾ" ಅಂದರು. ನಂಬಿದೆ. ಕೈ ಹಾಕಿಯೇ ಸರಕಿನ ಗುಣ ಹೇಳುವ ಮನುಷ್ಯನನ್ನು ನಂಬದೆ ಇನ್ಯಾರನ್ನು ನಂಬುವುದು?

ಪ್ಲಗ್ ಸಡಿಲಾಯಿತು. ರಾಡ್ ಎಳೆದರೆ ಅದೊಂದೇ ಮೇಲೆ ಬಂತು. ಪಾನಾ ಪ್ಲಗ್ಗನ್ನು ಕಚ್ಚಿ ಹಿಡಿದು ಕುಳಿಯ ತಳದಲ್ಲೇ ಕುಳಿತಿತ್ತು. ಕಾಕಾ ರಾಡಿನ ತುದಿಗೆ ಟೇಪು ಸುತ್ತಿದರು. ಸುತ್ತಿದ್ದು ಬಿಚ್ಚಿಹೋಗುತ್ತಿತ್ತು, ಮತ್ತೆ ಸುತ್ತುತ್ತಿದ್ದರು. ಕೊನೆಗೆ ಎಡಗೈಯನ್ನು ಎಂಜಿನ್ನಿನ ಪಕ್ಕದ ಹೊಗೆಕೊಳವೆಯ ಕಬ್ಬಿಣಕ್ಕೆ ಊರಿ, ಬಾಗಿ, ಬಲಗೈಯಿಂದ ರಾಡ್ ಒತ್ತತೊಡಗಿದರು. ನಾನು ಟಾರ್ಚ್ ಹಿಡಿದಿದ್ದೆ. ಕೂದಲು ಸುಟ್ಟಂಥ ನಾತ ಬಂತು. ವೈರ್ ಸುಡುತ್ತಿದೆಯೆಂದು ಅತ್ತಿತ್ತ ನೋಡಿದೆ… ಅವರ ಎಡಗೈಯ ಕೆಳಗಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

"ಕಾಕಾ, ಕೈ ತಗೀರಿ! ಕೈ!"

"ತಡಿಯವ್ವಾ, ಹತ್ತೇತಿ, ಬರಾಕತ್ತೇತಿ" ಎಂದು ಅವರು ನಗುತ್ತಲೇ ಎಳೆದರು. ಪಾನಾ ಬಂತು. ನಾನು ಅವರ ತೋಳು ಹಿಡಿದು ಜಗ್ಗಿದೆ. ಅಂಗೈಯ ಚರ್ಮ ಕಬ್ಬಿಣಕ್ಕೇ ಅಂಟಿ ಉಳಿಯಿತು. ಕಾಕಾ ಅದನ್ನು ಬೇರೆ ಯಾರದೋ ಕೈಯೆಂಬಂತೆ ತಿರುಗಿಸಿ ನೋಡಿದರು. ನಗು ಆಗ ನಿಂತಿತು. ಚೀರಿದ್ದು ಬಾಗಿಲಲ್ಲಿದ್ದ ಕಾಕು.

ಹುಬ್ಬಳ್ಳಿಯ ಡಾಕ್ಟರು ಸುಟ್ಟ ಗಾಯ ನೋಡಿದ್ದು ಕಡಿಮೆ, ಕುತ್ತಿಗೆ ನೋಡಿದ್ದೇ ಹೆಚ್ಚು. ಬೆನ್ನುಹುರಿಗೆ ಒತ್ತಿಕೊಂಡು ಗಡ್ಡೆ ಬೆಳೆದಿತ್ತು. ಉರಿ ನಿಂತಾಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದರು. ಉರಿ ನಿಂತಿತೆಂದು ಆಸ್ಪತ್ರೆಗೆ ಹೋಗುವವರು ಯಾರು? ನಮ್ಮೂರಿನವರು ಸಕ್ಕರೆ ಹಂಚುತ್ತಾರೆ. ಕಾಕು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದರು: "ನಾ ಉರಿ ಹೋಗ್ಲಿ ಅಂತ ಬೇಡ್ಕೊಂಡಿದ್ನವ್ವಾ. ಕೈ ಹೋಗ್ಲಿ ಅಂದಿದ್ದಿಲ್ಲ."

ಆಪರೇಷನ್ ಆಯಿತು, ಉಪಯೋಗವಾಗಲಿಲ್ಲ. ಕೈ ಆದಮೇಲೆ ಕಾಲು, ಆಮೇಲೆ ಹಾಸಿಗೆ. ತೀರಿಹೋಗುವ ಮುಂಚಿನ ವಾರಗಳಲ್ಲಿ ಕಾಕಾ ಸೂರು ನೋಡುತ್ತ ಮಲಗಿರುತ್ತಿದ್ದರು. ಕುತ್ತಿಗೆ ಹೊರಳುತ್ತಿರಲಿಲ್ಲ. "ಏ, ನನ್ನ ಕೈ ಹಿಡಕೊಂಡೀಯೇನು?" ಎಂದು ಕೇಳುತ್ತಿದ್ದರು. ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದೇ ಕೂತಿರುತ್ತಿದ್ದ ಕಾಕು, "ಹಿಡಕೊಂಡೇನ್ರಿ" ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ… ಅಷ್ಟು ಒಳ್ಳೆಯ ಮನುಷ್ಯನಿಗೆ ಹೀಗಾಯಿತಲ್ಲ ಎಂಬ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗ್ಯಾರೇಜಿನಿಂದ ನೆಟ್ಟಗೆ ಬ್ಯಾಡಗಿಗೆ ಬಂದು ಕಾಕುವಿನ ಮನೆಗೆ ಹೋದೆ. ಒಬ್ಬರೇ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಹೊತ್ತು ಹೋಗಲೆಂದು ಈಗೀಗ ಹಿಡಿದ ಕೆಲಸ. ಬೆರಳೆಲ್ಲ ಕೆಂಪಾಗಿ ಊದಿಕೊಂಡಿದ್ದವು. ಒಳಗೆ ಹೋಗಿ ಬೆಣ್ಣೆ ತಂದು ಅವರ ಕೈ ಹಿಡಿದೆ. ಮೆಲ್ಲಗೆ ಬಿಡಿಸಿಕೊಂಡರು.

"ಬ್ಯಾಡವ್ವಾ. ಉರೀಲಿ ಬಿಡು."