ಗಂಟು ಮೇಷ್ಟ್ರ ಬಲಗೈ

ದಪ್ಪ ಕ್ಯಾನ್ವಾಸಿನ ಚೀಲ ಹೊಲಿದು ಬದುಕುವ ಆ ಮನುಷ್ಯರಿಗೆ ಗೆಳೆಯರು ಇಟ್ಟ ಹೆಸರು ಗಂಟು ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಇಪ್ಪತ್ತೆರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಬಂಡೆ ಹತ್ತಲು ಹೋಗುವವರು, ಹೊರಡುವ ಮೊದಲು ಒಬ್ಬೊಬ್ಬರ ಸೊಂಟದ ಹಗ್ಗದ ಗಂಟನ್ನೂ ಕಣ್ಣು ಮುಚ್ಚಿ ತಡವಿ ಸರಿಯೋ ತಪ್ಪೋ ಹೇಳುವವರು, ಅಷ್ಟೇ. ಆ ಗುಂಪಿನಲ್ಲಿ ಅದೊಂದು ಕಟ್ಟಳೆ. ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ, ಬೆರಳಿಗೆ ಅಂಥ ಕೆಟ್ಟ ಬುದ್ಧಿ ಇಲ್ಲ ಎಂದು ಶುರುಮಾಡಿದವರೂ ಅವರೇ.

ಆ ಬೆರಳುಗಳೇ ಕೈಕೊಟ್ಟು ಆರು ತಿಂಗಳಾಗಿತ್ತು. ಒಂದು ದಿನ ಹೊಲಿಗೆ ಯಂತ್ರದ ಸೂಜಿ ಬಲಗೈಯ ತೋರುಬೆರಳಿಗೆ ಹೊಕ್ಕಿದ್ದು ಅವರಿಗೆ ತಿಳಿದದ್ದು ಬಟ್ಟೆಯ ಮೇಲೆ ಕೆಂಪು ಕಲೆ ಕಂಡ ಮೇಲೆ. ನರ ಸೋತಿದೆ ಎಂದರು ಡಾಕ್ಟರು. ಮೇಷ್ಟ್ರು ಮನೆಯಲ್ಲಿ ಸೊಲ್ಲೆತ್ತಲಿಲ್ಲ. ಇವತ್ತಲ್ಲ ನಾಳೆ ಸರಿಹೋದೀತು ಅಂದುಕೊಂಡರು. ಗಂಡಸರಿಗೆ ಇದೊಂದು ಚಟ; ಹಲ್ಲು ನೋಯಲಿ, ಸೂರು ಸೋರಲಿ, ಇದೇ ಔಷಧಿ.

ಈ ನಡುವೆ ಮಗಳು ಹಠ ಹಿಡಿದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಅಳತೆಗೆ ತರುವ ಕೆಲಸ ಅವಳದು, ವಯಸ್ಸು ಇಪ್ಪತ್ತು. ದೂರದ ಕಾಡಿನೊಳಗೆ ಇರುವ ಬಂಡೆಯನ್ನು ಈ ಸಲ ತಾನೇ ಎಲ್ಲರಿಗಿಂತ ಮೊದಲು ಹತ್ತಬೇಕು. ಮೊದಲು ಹತ್ತುವವರಿಗೆ ಮೇಲಿನಿಂದ ಹಗ್ಗದ ಆಸರೆ ಇರುವುದಿಲ್ಲ. ಜಾರಿದರೆ ಕೆಳಗೆ ಹಗ್ಗ ಹಿಡಿದವರ ಕೈಯೇ ಗತಿ. ಮೇಷ್ಟ್ರ ಹೆಂಡತಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಹಗ್ಗ ನೀವೇ ಹಿಡೀಬೇಕು. ಬೇರೆಯವರ ಕೈಗೆ ಕೊಡೋದಾದ್ರೆ ನಾನು ಕಳ್ಸಲ್ಲ."

ಮೇಷ್ಟ್ರು ಹೂಂ ಅಂದರು. ಅಂದಿನಿಂದ ಅವರಿಗೆ ಸರಿಯಾಗಿ ನಿದ್ದೆ ಇಲ್ಲ.

ಭಾನುವಾರ ಮಧ್ಯಾಹ್ನ ಅವರ ಅಂಗಡಿಯಲ್ಲೇ ಎಲ್ಲರೂ ಸೇರಿದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿ, ಅದು ಸುರುಳಿ ಸುತ್ತದಂತೆ ನಾಲ್ಕು ಮೂಲೆಗೂ ದಾರದ ಉಂಡೆ ಇಟ್ಟರು. ಗುಂಪಿನಲ್ಲಿದ್ದ ಬಸ್ ಡ್ರೈವರ್ ದಾರಿ ಗುರುತಿಸಿದ. ರಸ್ತೆ ಮುಗಿದ ಮೇಲೆ ಐದು ಗಂಟೆ ನಡಿಗೆ, ಎರಡು ಕಡೆ ಹೊಳೆ, ಫೋನಿಗೆ ಸಿಗ್ನಲ್ ಇಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಕ್ಕ ಔಷಧಿಯ ಪಟ್ಟಿ ಬರೆಯುತ್ತ, ಯಾರಾದರೂ ಬಿದ್ದರೆ ರಸ್ತೆಗೆ ಹೊತ್ತು ತರಲು ಇಡೀ ಒಂದು ಹಗಲು ಬೇಕು ಎಂದಳು, ಹಾಲು ತರಲು ಮರೆಯಬೇಡಿ ಅನ್ನುವಷ್ಟು ಸಲೀಸಾಗಿ. ಮೇಷ್ಟ್ರಿಗೆ ಭಯವಾಗಿತ್ತು, ಬಾಯಿ ಬಿಟ್ಟು ಹೇಳಲು ಅದಕ್ಕಿಂತ ಹೆಚ್ಚು ಭಯವಾಗಿತ್ತು. ಮುಖ ಯಾಕೆ ಗಂಟು ಹಾಕಿಕೊಂಡಿದ್ದೀರಿ, ಗಂಟು ಹಗ್ಗಕ್ಕಿದ್ದರೆ ಸಾಕು ಎಂದು ಡ್ರೈವರ್ ಛೇಡಿಸಿದ. ಮೇಷ್ಟ್ರು ನಕ್ಕಂತೆ ಮಾಡಿದರು.

ಕೊನೆಗೆ ಕಟ್ಟಳೆಯ ಹೊತ್ತು ಬಂತು. ಮಗಳು ಸೊಂಟಪಟ್ಟಿ ತೊಟ್ಟು, ಅದಕ್ಕೆ ಹಗ್ಗದ ಗಂಟು ಹಾಕಿಕೊಂಡು ಎದುರು ನಿಂತಳು. ಸರಿಯಾದ ಗಂಟಿನಲ್ಲಿ ಐದು ಕಡೆ ಹಗ್ಗ ಎರಡೆರಡು ಎಳೆಯಾಗಿ ಬೆರಳಿಗೆ ಸಿಗಬೇಕು. ಮೇಷ್ಟ್ರು ಕಣ್ಣು ಮುಚ್ಚಿ ಎಂದಿನಂತೆ ಬಲಗೈಯಿಂದ ತಡವಿದರು. ಏನೂ ತಿಳಿಯಲಿಲ್ಲ. ಬೆರಳು ಎಣಿಸದಿದ್ದರೂ ಬಾಯಿ ಐದರವರೆಗೆ ಎಣಿಸಿತು.

"ಸರಿ ಇದೆ" ಅಂದರು.

ಕಣ್ಣು ಬಿಟ್ಟು ನೋಡಿದರೆ ಕೊನೆಯ ಸುತ್ತಿನಲ್ಲಿ ಹಗ್ಗ ಒಂಟಿಯಾಗಿತ್ತು. ಅದರ ತುದಿ ಹೊರಗೆ ನೇತಾಡುತ್ತಿತ್ತು. ಉಳಿದಿಬ್ಬರು ಆಗಲೇ ನಕ್ಷೆ ಮಡಿಸತೊಡಗಿದ್ದರು. ಮೇಷ್ಟ್ರು ಸರಿ ಅಂದ ಮೇಲೆ ಯಾರೂ ಇನ್ನೊಮ್ಮೆ ನೋಡುವವರಲ್ಲ. ತುದಿಯನ್ನು ಒಳಗೆ ತೂರಿಸಿ ಬಿಗಿದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರ ಕೈ ಅತ್ತ ಹೋಯಿತು ಕೂಡ. ಅಷ್ಟರಲ್ಲಿ ಬಂಡೆಯ ಅರ್ಧದಲ್ಲಿ ಕಾಲು ತಪ್ಪಿದ ಮಗಳು ಕಣ್ಣಿಗೆ ಕಟ್ಟಿದಳು. ಮೇಜಿನ ಅಂಚು ಹಿಡಿದುಕೊಂಡರು.

"ಇದು ತಪ್ಪಿದೆ. ನಂಗೆ ಗೊತ್ತಾಗ್ಲಿಲ್ಲ. ಆರು ತಿಂಗಳಿಂದ ಈ ಕೈಗೆ ಏನೂ ಗೊತ್ತಾಗ್ತಿಲ್ಲ. ಹಗ್ಗ ನಾನು ಹಿಡಿಯಲ್ಲ."

ಡ್ರೈವರ್ ಮಡಿಸುತ್ತಿದ್ದ ನಕ್ಷೆಯನ್ನು ಮೇಜಿನ ಮೇಲಿಟ್ಟ.

"ನಂಗೆ ಗೊತ್ತಿತ್ತಪ್ಪಾ" ಅಂದಳು ಮಗಳು. "ನೀನು ಚೀಲದ ಮೇಲಿನ ರಕ್ತ ಒರೆಸ್ತಿದ್ದಿದ್ದು ನೋಡಿದ್ದೆ. ಬೇಕಂತಲೇ ಹೀಗೆ ಕಟ್ಟಿದೆ. ನೀನು ಸರಿ ಇದೆ ಅಂದಾಗ ಜೀವ ಬಾಯಿಗೆ ಬಂತು."

ಹಗ್ಗ ತಾನು ಹಿಡಿಯುತ್ತೇನೆ ಎಂದು ನರ್ಸಕ್ಕ ಮುಂದೆ ಬಂದಳು. ಹೆಂಡತಿಗೆ ನಿಜ ಹೇಳಿ ಒಪ್ಪಿಸುವ ಕೆಲಸ ಮೇಷ್ಟ್ರ ಪಾಲಿಗೆ ಬಿತ್ತು. ಅವಳು ಒಪ್ಪಿದರೆ ತಾವೂ ಜೊತೆಗೆ ಬರುವುದಾಗಿ ಹೇಳಿದರು.

ಇಷ್ಟಾದ ಮೇಲೆ ಮೇಷ್ಟ್ರ ಭಯ ಹೋಯಿತು ಅಂದುಕೊಂಡರೆ ತಪ್ಪು. ಹಗ್ಗ ಕೈಯಲ್ಲಿದ್ದಿದ್ದರೆ ಏನೋ ಮಾಡುತ್ತಿದ್ದೇನೆ ಎಂಬ ಧೈರ್ಯವಾದರೂ ಇರುತ್ತಿತ್ತು. ಈಗ ಬಂಡೆಯ ಬುಡದಲ್ಲಿ ಬರಿಗೈಯಲ್ಲಿ ನಿಂತು, ಕತ್ತೆತ್ತಿ ಮಗಳನ್ನು ನೋಡಬೇಕು.

ಮಗಳು ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ಮೇಷ್ಟ್ರ ಕೈ ಅಭ್ಯಾಸಬಲದಿಂದ ಮುಂದೆ ಚಾಚಿತು. ಹಿಂದಕ್ಕೆಳೆದುಕೊಂಡು, ಪಕ್ಕಕ್ಕೆ ಸರಿದು, ನರ್ಸಕ್ಕನಿಗೆ ಜಾಗ ಬಿಟ್ಟರು.